ಎಣ್ಣೆಯನ್ನು ಕೇಳಿ ಕ್ಯಾಟಲಿಸ್ಟ್ ಆರಿಸಿ: ಬಯೋಡೀಸೆಲ್ ಮಾಡಲು ಹೊರಟವರಿಗೆ

ನಾನು ಮೊದಲ ಸಲ ಹೊಂಗೆ ಎಣ್ಣೆಯಿಂದ ಬಯೋಡೀಸೆಲ್ ಮಾಡಲು ಹೋದಾಗ ಸಿಕ್ಕಿದ್ದು ಕಂದು ಬಣ್ಣದ ಗಂಜಿ. ಪುಸ್ತಕದಲ್ಲಿ ಹೇಳಿದ ಹಾಗೇ ಮಾಡಿದ್ದೆ. ಎಣ್ಣೆಯ ತೂಕದ ಶೇ. 1ರಷ್ಟು ಕಾಸ್ಟಿಕ್ ಸೋಡಾ, ಬೇಕಾದಷ್ಟು ಮೆಥನಾಲ್, 60 ಡಿಗ್ರಿ ಬಿಸಿ, ಒಂದು ಗಂಟೆ ಕಲಕುವುದು. ಸಂಜೆ ಎಲ್ಲವನ್ನೂ ಸೆಪರೇಟಿಂಗ್ ಫನಲ್‌ಗೆ ಸುರಿದು ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಎರಡು ಪದರ ಇರಲೇ ಇಲ್ಲ. ಕೆಳಗಿನ ಬಿರಡೆ ತಿರುಗಿಸಿದರೆ ಏನೂ ಇಳಿಯಲಿಲ್ಲ. ಕಡ್ಡಿಯಿಂದ ಕೆದಕಿ ಹೊರಗೆ ತೆಗೆದು ಪಾತ್ರೆ ತೊಳೆಯಲು ಹೋದಾಗ ನೊರೆ ಬಂತು ನೋಡಿ, ಆಗ ಗೊತ್ತಾಯಿತು. ನಾನು ಮಾಡಿದ್ದು ಸೋಪು.

ಪುಸ್ತಕದ ತಪ್ಪೇನೂ ಇರಲಿಲ್ಲ. ಅದು ರಿಫೈನ್ ಮಾಡಿದ ಸೋಯಾ ಎಣ್ಣೆಗೆ ಬರೆದ ವಿಧಾನ. ನನ್ನ ಹತ್ತಿರ ಇದ್ದದ್ದು ಗಾಣದಿಂದ ಬಂದು, ಡಬ್ಬದಲ್ಲಿ ತಿಂಗಳುಗಟ್ಟಲೆ ಕೂತ ಎಣ್ಣೆ. ಅದಕ್ಕೆ ಬೇರೆಯೇ ದಾರಿ ಬೇಕಿತ್ತು.

ಆಮೇಲೆ ಪ್ರಾಜೆಕ್ಟ್ ಮಾಡುವ ಹುಡುಗರು ಹುಡುಗಿಯರು ಬಂದು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. "ಸರ್, ಯಾವ ಕ್ಯಾಟಲಿಸ್ಟ್ ಬೆಸ್ಟ್?" ಕನ್ನಡ ಪಠ್ಯಪುಸ್ತಕದಲ್ಲಿ ಇದಕ್ಕೆ ಕ್ರಿಯಾವರ್ಧಕ, ವೇಗವರ್ಧಕ ಎಂಬ ಹೆಸರುಗಳಿವೆ. ಲ್ಯಾಬಿನಲ್ಲಿ ಎಲ್ಲರೂ ಕ್ಯಾಟಲಿಸ್ಟ್ ಅಂತಲೇ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಬೆಸ್ಟ್ ಯಾವುದು ಅಂತ ನಾನು ಹೇಳುವುದಿಲ್ಲ. ನಿಮ್ಮ ಎಣ್ಣೆ ತನ್ನಿ, ಅದನ್ನೇ ಕೇಳೋಣ ಅನ್ನುತ್ತೇನೆ. ಈ ಬರಹ ಆ ಮಾತಿನ ವಿಸ್ತಾರ, ಅಷ್ಟೇ.

ಒಳಗೆ ನಡೆಯುವುದೇನು

ಎಣ್ಣೆಯ ಒಂದು ಅಣುವಿನಲ್ಲಿ ಗ್ಲಿಸರಾಲ್ ಎಂಬ ಚಿಕ್ಕ ಬೆನ್ನೆಲುಬು ಇರುತ್ತದೆ. ಅದಕ್ಕೆ ಮೂರು ಉದ್ದನೆಯ ಕೊಬ್ಬಿನಾಮ್ಲದ ಬಾಲಗಳು ಅಂಟಿಕೊಂಡಿರುತ್ತವೆ. ಮೆಥನಾಲ್ ಬಂದು ಒಂದೊಂದೇ ಬಾಲವನ್ನು ಬಿಡಿಸಿ ತನ್ನ ಜೊತೆ ಕಟ್ಟಿಕೊಳ್ಳುತ್ತದೆ. ಮೂರೂ ಬಿಟ್ಟ ಮೇಲೆ ಮೂರು ಮೀಥೈಲ್ ಎಸ್ಟರ್ ಸಿಗುತ್ತವೆ, ಒಂದು ಗ್ಲಿಸರಾಲ್ ಉಳಿಯುತ್ತದೆ. ಆ ಎಸ್ಟರೇ ಬಯೋಡೀಸೆಲ್. ಅದು ಮೇಲಿನ ಪದರವಾಗಿ ನಿಲ್ಲುತ್ತದೆ, ಗ್ಲಿಸರಾಲ್ ಕೆಳಗಿಳಿಯುತ್ತದೆ. ಈ ಕ್ರಿಯೆಯ ಹೆಸರು ಟ್ರಾನ್ಸ್‌ಎಸ್ಟರಿಫಿಕೇಶನ್.

ಲೆಕ್ಕ ಸುಲಭ. 100 ಕಿಲೋ ಎಣ್ಣೆಗೆ ಸುಮಾರು 11 ಕಿಲೋ ಮೆಥನಾಲ್ ಖರ್ಚಾಗುತ್ತದೆ. ಕೈಗೆ ಸಿಗುವುದು ಸುಮಾರು 100 ಕಿಲೋ ಎಸ್ಟರ್, 10 ಕಿಲೋ ಚಿಲ್ಲರೆ ಗ್ಲಿಸರಾಲ್. ಆದರೆ ಈ ಕ್ರಿಯೆ ಹಿಂದಕ್ಕೂ ನಡೆಯಬಲ್ಲದು. ಮುಂದಕ್ಕೇ ತಳ್ಳಬೇಕಾದರೆ ಮೆಥನಾಲ್ ಜಾಸ್ತಿ ಹಾಕಬೇಕು. ಲೆಕ್ಕದ ಪ್ರಕಾರ ಒಂದು ಅಣು ಎಣ್ಣೆಗೆ ಮೂರು ಅಣು ಸಾಕು, ರೂಢಿಯಲ್ಲಿ ಆರು ಹಾಕುತ್ತಾರೆ. ಅಂದರೆ ಒಂದು ಲೀಟರ್ ಎಣ್ಣೆಗೆ ಸುಮಾರು 250 ಮಿಲಿ. ಉಳಿದದ್ದನ್ನು ಆಮೇಲೆ ಬಟ್ಟಿ ಇಳಿಸಿ ವಾಪಸ್ ಪಡೆಯಬಹುದು.

ಎಣ್ಣೆ ಮತ್ತು ಮೆಥನಾಲನ್ನು ಸುಮ್ನೆ ಬಿಸಿ ಮಾಡಿದರೆ ಏನೂ ಆಗುವುದಿಲ್ಲ. ಇಬ್ಬರೂ ಬೇರೆ ಬೇರೆ ಪದರವಾಗಿ ನಿಂತಿರುತ್ತಾರೆ. ಮೆಥನಾಲ್‌ಗೆ ಬಾಲ ಕೀಳುವ ಶಕ್ತಿ ಇಲ್ಲ. ಇಲ್ಲಿ ಕ್ಯಾಟಲಿಸ್ಟ್ ಬರುತ್ತದೆ. ಅದು ಎರಡು ರೀತಿಯಲ್ಲಿ ಸಹಾಯ ಮಾಡಬಹುದು. ಗರಡಿ ಮನೆಯ ಲೆಕ್ಕದಲ್ಲಿ ಹೇಳುತ್ತೇನೆ. ಕಾಸ್ಟಿಕ್ ಸೋಡಾದಂಥ ಪ್ರತ್ಯಾಮ್ಲ ಹಾಕಿದರೆ ಅದು ಮೆಥನಾಲ್‌ನಿಂದ ಒಂದು ಪ್ರೋಟಾನ್ ಕಿತ್ತುಕೊಂಡು ಅದನ್ನು ಮೆಥಾಕ್ಸೈಡ್ ಎಂಬ ಪೈಲ್ವಾನನನ್ನಾಗಿ ಮಾಡುತ್ತದೆ. ಹೊಡೆಯುವವನಿಗೇ ಬಲ. ಆಮ್ಲ ಹಾಕಿದರೆ ಮೆಥನಾಲ್ ಮೊದಲಿದ್ದ ಹಾಗೇ ಸಪೂರವಾಗಿರುತ್ತದೆ. ಆದರೆ ಆಮ್ಲದ ಪ್ರೋಟಾನು ಎಣ್ಣೆಯ ಬಾಲ ಅಂಟಿಕೊಂಡ ಜಾಗದ ಕಾರ್ಬೊನಿಲ್ ಆಕ್ಸಿಜನ್ ಮೇಲೆ ಕೂತು ಎದುರಾಳಿಯ ಹಿಡಿತವನ್ನು ಸಡಿಲ ಮಾಡುತ್ತದೆ. ಇಲ್ಲಿ ಹೊಡೆಸಿಕೊಳ್ಳುವವನು ಸೋತಿರುತ್ತಾನೆ.

ಮೊದಲ ದಾರಿ ಎರಡನೆಯದಕ್ಕಿಂತ ಎಷ್ಟೋ ಪಾಲು ಬೇಗ. ಸುಮಾರು 4000 ಪಟ್ಟು ಎಂಬ ಅಂಕಿ ಈ ವಿಷಯದ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹಾಗಿದ್ದರೆ ಆಮ್ಲವನ್ನು ಯಾರಾದರೂ ಯಾಕೆ ಮುಟ್ಟಬೇಕು? ಅದಕ್ಕೆ ಉತ್ತರ ಎಣ್ಣೆಯಲ್ಲಿದೆ.

ಮೊದಲು ಟೈಟ್ರೇಶನ್, ಆಮೇಲೆ ಮಾತು

ಎಣ್ಣೆ ಹಳತಾದಾಗ, ಒದ್ದೆ ಬೀಜದಿಂದ ಬಂದಾಗ, ಮತ್ತೆ ಮತ್ತೆ ಕರಿದಾಗ ಕೆಲವು ಬಾಲಗಳು ತಾವಾಗಿಯೇ ಕಳಚಿಕೊಂಡಿರುತ್ತವೆ. ಇವು ಬಿಡಿ ಕೊಬ್ಬಿನಾಮ್ಲಗಳು. ಲ್ಯಾಬಿನಲ್ಲಿ ಎಫ್‌ಎಫ್‌ಎ ಅನ್ನುತ್ತೇವೆ. ಇವು ಪ್ರತ್ಯಾಮ್ಲವನ್ನು ಕಂಡ ಕೂಡಲೇ ಸೋಪಾಗುತ್ತವೆ. ನೀವು ಹಾಕಿದ ಕ್ಯಾಟಲಿಸ್ಟ್ ಅಲ್ಲಿಗೆ ಮುಗಿಯಿತು.

ಒಂದು ಲೀಟರ್ ಎಣ್ಣೆಯಲ್ಲಿ ಎಫ್‌ಎಫ್‌ಎ ಶೇ. 5 ಇದೆ ಅಂತಿಟ್ಟುಕೊಳ್ಳಿ. ಅದನ್ನು ತಣಿಸಲಿಕ್ಕೇ, ಅಂದರೆ ಅದರ ಆಮ್ಲಗುಣ ಕಳೆಯಲಿಕ್ಕೇ, ಸುಮಾರು ಆರೂವರೆ ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಹುಟ್ಟುವ ಸೋಪು 50 ಗ್ರಾಂ. ಜೊತೆಗೆ ಮೂರು ಗ್ರಾಂ ನೀರು. ಆ ನೀರು ಒಳ್ಳೆಯ ಎಸ್ಟರನ್ನೂ ಒಡೆದು ಇನ್ನಷ್ಟು ಸೋಪು ಮಾಡಿಸುತ್ತದೆ. ಸೋಪಿಗೆ ಎಣ್ಣೆ, ನೀರು ಎರಡರ ಜೊತೆಗೂ ಸ್ನೇಹ ಅಲ್ವಾ? ಅದಕ್ಕೇ ಗ್ಲಿಸರಾಲ್ ಕೆಳಗಿಳಿಯುವುದಿಲ್ಲ, ಪದರ ಬೇರೆಯಾಗುವುದಿಲ್ಲ. ನನ್ನ ಗಂಜಿಯ ಕತೆ ಇದೇ.

ಆದ್ದರಿಂದ ಕ್ಯಾಟಲಿಸ್ಟ್ ಅಂಗಡಿಗೆ ಹೋಗುವ ಮುಂಚೆ ಈ ಪರೀಕ್ಷೆ ಮಾಡಿ, ಇದರ ಹೆಸರೇ ಟೈಟ್ರೇಶನ್. ಒಂದು ಲೀಟರ್ ನೀರಿಗೆ ಒಂದು ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿ. ಬೇರೆ ಪಾತ್ರೆಯಲ್ಲಿ 10 ಮಿಲಿ ಐಸೊಪ್ರೊಪೈಲ್ ಆಲ್ಕೊಹಾಲ್‌ಗೆ ಸರಿಯಾಗಿ 1 ಮಿಲಿ ಎಣ್ಣೆ ಹಾಕಿ, ಎರಡು ಹನಿ ಫಿನಾಫ್ತಲೀನ್ ಹಾಕಿ. ಬ್ಯೂರೆಟ್ಟಿನಿಂದ ಸೋಡಾ ನೀರನ್ನು ಹನಿಹನಿಯಾಗಿ ಬಿಡಿ. ಗುಲಾಬಿ ಬಣ್ಣ ಅರ್ಧ ನಿಮಿಷ ನಿಂತರೆ ಸಾಕು. ಎಷ್ಟು ಮಿಲಿ ಖರ್ಚಾಯಿತೋ ಲೀಟರಿಗೆ ಅಷ್ಟು ಗ್ರಾಂ ಸೋಡಾ ಎಫ್‌ಎಫ್‌ಎ ನುಂಗುತ್ತದೆ. ಒಂದು ಮಿಲಿ ಅಂದರೆ ಎಫ್‌ಎಫ್‌ಎ ಸುಮಾರು ಮುಕ್ಕಾಲು ಶೇಕಡಾ. ಆಲ್ಕೊಹಾಲ್ ಕೂಡ ಸ್ವಲ್ಪ ಆಮ್ಲ ಇರಬಹುದು, ಎಣ್ಣೆ ಹಾಕದೆ ಒಂದು ಸಲ ಮಾಡಿ ಅದನ್ನು ಕಳೆಯಿರಿ. ಹೊಂಗೆ ಎಣ್ಣೆಯ ಬಣ್ಣವೇ ಗಾಢ, ಗುಲಾಬಿ ಕಾಣುವುದು ಕಷ್ಟ. ನಾನು ಆಲ್ಕೊಹಾಲ್ ಜಾಸ್ತಿ ಹಾಕಿ, ಪಾತ್ರೆಯ ಕೆಳಗೆ ಬಿಳಿ ಕಾಗದ ಇಟ್ಟು ನೋಡುತ್ತೇನೆ.

ಇನ್ನೊಂದು ಶತ್ರು ನೀರು. ಎಣ್ಣೆಯನ್ನು 105–110 ಡಿಗ್ರಿಗೆ ಕಾಯಿಸಿ, ಚಟಪಟ ಸದ್ದು ನಿಲ್ಲುವವರೆಗೆ ಇಟ್ಟರೆ ನೀರು ಹೋಗುತ್ತದೆ. ಆಮೇಲೆ ಎಣ್ಣೆ ತಣ್ಣಗಾಗಲು ಬಿಡಿ. ಬಿಸಿ ಎಣ್ಣೆಗೆ ಮೆಥನಾಲ್ ಸುರಿಯಬಾರದು. ಅದು 65 ಡಿಗ್ರಿಗೇ ಕುದಿಯುತ್ತದೆ.

ಮೆಥನಾಲ್ ವಿಷ. ಕುಡಿದರೆ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ. ಆವಿ ಉಸಿರಾಡಿದರೂ, ಚರ್ಮದ ಮೇಲೆ ಬಿದ್ದರೂ ಒಳಗೆ ಸೇರುತ್ತದೆ. ಹಗಲಿನಲ್ಲಿ ಅದರ ಉರಿ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಆದ್ದರಿಂದ ಅಡುಗೆಮನೆಯಲ್ಲಿ ಇದನ್ನೆಲ್ಲ ಮಾಡಬೇಡಿ. ಫ್ಯೂಮ್ ಹುಡ್ ಇರುವ ಲ್ಯಾಬ್, ಕನ್ನಡಕ, ಕೈಗವಸು, ಗೊತ್ತಿರುವವರು ಒಬ್ಬರು ಪಕ್ಕದಲ್ಲಿ. ಇಷ್ಟಿಲ್ಲದಿದ್ದರೆ ಓದಿ ಬಿಟ್ಟುಬಿಡಿ.

ಕಾಸ್ಟಿಕ್ ಸೋಡಾ, ಪೊಟ್ಯಾಶ್, ಮೆಥಾಕ್ಸೈಡ್

ಟೈಟ್ರೇಶನ್ ಒಂದು ಮಿಲಿಯೊಳಗೆ ಬಂತೇ? ಹಾಗಾದರೆ ಯೋಚನೆ ಬೇಡ, ಪ್ರತ್ಯಾಮ್ಲವೇ ಸರಿ. 60 ಡಿಗ್ರಿಯಲ್ಲಿ ಒಂದು ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಇಷ್ಟು ಅಗ್ಗ, ಇಷ್ಟು ಬೇಗ ಬೇರೆ ಯಾವ ದಾರಿಯೂ ಇಲ್ಲ. ಹೊಸ ಕ್ಯಾಟಲಿಸ್ಟ್ ಕಂಡುಹಿಡಿದೆವು ಎಂದು ಬರೆಯುವವರೆಲ್ಲ ಕೊನೆಗೆ ಹೋಲಿಸಿಕೊಳ್ಳಬೇಕಾದದ್ದು ಇದರ ಜೊತೆಗೇ.

ಕಾಸ್ಟಿಕ್ ಸೋಡಾ ಎಲ್ಲೆಡೆ ಸಿಗುತ್ತದೆ. ತಾಜಾ ಎಣ್ಣೆಗೆ ಲೀಟರಿಗೆ 5 ಗ್ರಾಂ ಆಸುಪಾಸು, ಅದರ ಮೇಲೆ ಟೈಟ್ರೇಶನ್‌ನಲ್ಲಿ ಬಂದಷ್ಟು ಗ್ರಾಂ. ತೊಂದರೆ ಎರಡು. ಮೆಥನಾಲ್‌ನಲ್ಲಿ ಕರಗಲು ಬಹಳ ಹೊತ್ತು ಬೇಕು. ಇನ್ನೊಂದು, ಅದು ಮೆಥನಾಲ್ ಜೊತೆ ಸೇರಿ ಮೆಥಾಕ್ಸೈಡ್ ಆಗುವಾಗ ಸ್ವಲ್ಪ ನೀರನ್ನೂ ಹುಟ್ಟಿಸುತ್ತದೆ. ಬೇಡ ಬೇಡ ಅಂದ ನೀರು ಹಿತ್ತಿಲ ಬಾಗಿಲಿನಿಂದ ಒಳಗೆ ಬರುತ್ತದೆ.

ಪೊಟ್ಯಾಸಿಯಂ ಹೈಡ್ರಾಕ್ಸೈಡ್ (ಇಲ್ಲಿ ಪೊಟ್ಯಾಶ್ ಅನ್ನುವುದು ಇದಕ್ಕೇ) ಬೇಗ ಕರಗುತ್ತದೆ. ತೂಕ 1.4 ಪಟ್ಟು ಬೇಕು, ಅಂದರೆ 5 ಗ್ರಾಂ ಬದಲು 7. ಸೀಸೆಯ ಮೇಲೆ ಶುದ್ಧತೆ ಶೇ. 85 ಅಂತ ಇರುವುದು ಸಾಮಾನ್ಯ, ಹಾಗಾಗಿ ನಿಜಕ್ಕೂ ಹಾಕಬೇಕಾದದ್ದು 8 ಗ್ರಾಂ ಮೇಲೆ. ಬೆಲೆಯೂ ಜಾಸ್ತಿ. ಆದರೂ ಸಣ್ಣ ಮಟ್ಟದ ಕೆಲಸಕ್ಕೆ ನಾನು ಇದನ್ನೇ ಹೇಳುತ್ತೇನೆ. ಪೊಟ್ಯಾಸಿಯಂ ಸೋಪು ಮೆತ್ತಗಿರುತ್ತದೆ. ಕೆಳಗಿನ ಗ್ಲಿಸರಾಲ್ ಪದರ ದ್ರವವಾಗಿಯೇ ಉಳಿದು ಸಲೀಸಾಗಿ ಇಳಿಯುತ್ತದೆ. ಸೋಡಿಯಂದು ಚಳಿಗಾಲದ ರಾತ್ರಿ ಕಳೆಯುವಷ್ಟರಲ್ಲಿ ಹೆಪ್ಪುಗಟ್ಟಿ ಕೂತಿರುತ್ತದೆ. ಇನ್ನೊಂದು ಲಾಭ, ಕೊನೆಗೆ ಫಾಸ್ಫಾರಿಕ್ ಆಮ್ಲದಿಂದ ತಣಿಸಿದರೆ ಸಿಗುವುದು ಪೊಟ್ಯಾಸಿಯಂ ಫಾಸ್ಫೇಟ್. ಅದು ಗೊಬ್ಬರದ ಸಾಮಾನು. ಸೋಡಿಯಂ ಉಪ್ಪನ್ನು ಗಿಡದ ಬುಡಕ್ಕೆ ಹಾಕುವ ಹಾಗಿಲ್ಲ.

ದೊಡ್ಡ ಕಾರ್ಖಾನೆಗಳವರು ಇವೆರಡನ್ನೂ ಬಿಟ್ಟು ಸಿದ್ಧ ಸೋಡಿಯಂ ಮೆಥಾಕ್ಸೈಡನ್ನು ಮೆಥನಾಲ್‌ನಲ್ಲಿ ಕರಗಿಸಿದ ರೂಪದಲ್ಲಿ ತರಿಸುತ್ತಾರೆ. ನೀರು ಹುಟ್ಟುವುದಿಲ್ಲ, ಸೋಪು ಕಡಿಮೆ, ಇಳುವರಿ ಸ್ವಲ್ಪ ಹೆಚ್ಚು. ದಿನಕ್ಕೆ ಟನ್ನುಗಟ್ಟಲೆ ಮಾಡುವವರಿಗೆ ಶೇ. 1 ಇಳುವರಿಯೂ ದೊಡ್ಡ ದುಡ್ಡು. ಕಾಲೇಜಿನ ಲ್ಯಾಬಿಗೆ ಇದು ಬೇಡ. ಗಾಳಿಯ ತೇವ ತಗುಲಿದರೆ ಕೆಡುತ್ತದೆ, ಚರ್ಮಕ್ಕೆ ಬಿದ್ದರೆ ಸುಡುತ್ತದೆ.

ಟೈಟ್ರೇಶನ್ ಎರಡು ಮೂರು ಮಿಲಿ ಬಂದರೆ? ಹೋಟೆಲಿನ ಕರಿದ ಎಣ್ಣೆ ಅನೇಕ ಸಲ ಇಲ್ಲೇ ಬಂದು ನಿಲ್ಲುತ್ತದೆ. ಸ್ವಲ್ಪ ಸೋಪು ಸಹಿಸಿಕೊಂಡು, ಪೊಟ್ಯಾಶ್ ಜಾಸ್ತಿ ಹಾಕಿ ಒಂದೇ ಹಂತದಲ್ಲಿ ಮುಗಿಸಬಹುದು. ನಷ್ಟ ಆಗುತ್ತದೆ, ಆದರೆ ಇನ್ನೊಂದು ಹಂತದ ಖರ್ಚಿಗಿಂತ ಕಡಿಮೆ. ಕರಿದ ಎಣ್ಣೆಗೆ ಈಗ ನಮ್ಮಲ್ಲಿ ಒಂದು ದಾರಿಯೂ ಆಗಿದೆ. ಒಟ್ಟು ಪೋಲಾರ್ ಅಂಶ (ಕರಿದಷ್ಟೂ ಎಣ್ಣೆಯಲ್ಲಿ ಹೆಚ್ಚುವ ಕೆಟ್ಟ ಪದಾರ್ಥ) ಶೇ. 25 ದಾಟಿದ ಎಣ್ಣೆಯಲ್ಲಿ ಮತ್ತೆ ಕರಿಯಬಾರದು ಎಂಬ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಅಂಥ ಎಣ್ಣೆಯನ್ನು ಬಯೋಡೀಸೆಲ್‌ಗೆ ಕೊಡಿಸುವ ರೂಕೊ ಯೋಜನೆಯೂ ಅದೇ ವರ್ಷ ಶುರುವಾಯಿತು. ಬೋಂಡಾ ಕರಿದ ಎಣ್ಣೆ ರಸ್ತೆ ಬದಿಯ ಇನ್ನೊಂದು ಬಾಣಲೆಗೆ ಹೋಗುವ ಬದಲು ಎಂಜಿನ್ನಿಗೆ ಹೋಗಲಿ.

ಗಂಧಕಾಮ್ಲದ ನಿಧಾನ ದಾರಿ, ಮತ್ತು ಹೊಂಗೆ

ಆಮ್ಲಕ್ಕೆ ಎಫ್‌ಎಫ್‌ಎ ಶತ್ರುವಲ್ಲ. ಬಿಡಿ ಕೊಬ್ಬಿನಾಮ್ಲವನ್ನೂ ಅದು ಮೆಥನಾಲ್ ಜೊತೆ ಸೇರಿಸಿ ಎಸ್ಟರನ್ನೇ ಮಾಡುತ್ತದೆ. ಎಮಿಲ್ ಫಿಶರ್ ಮತ್ತು ಆರ್ಥರ್ ಸ್ಪೈಯರ್ 1895ರಲ್ಲಿ ತೋರಿಸಿದ ಎಸ್ಟರಿಫಿಕೇಶನ್ ಇದು. ಪಿಯುಸಿಯಲ್ಲಿ ಹಣ್ಣಿನ ವಾಸನೆ ಬರಲಿ ಎಂದು ಅಸಿಟಿಕ್ ಆಮ್ಲ, ಆಲ್ಕೊಹಾಲ್, ಎರಡು ಹನಿ ಗಂಧಕಾಮ್ಲ ಹಾಕಿ ಬಿಸಿ ಮಾಡುತ್ತಿದ್ದೆವಲ್ಲ, ಅದೇ.

ಹಾಗಂತ ಇಡೀ ಕೆಲಸವನ್ನು ಆಮ್ಲದ ಕೈಯಲ್ಲೇ ಮಾಡಿಸಲು ಹೋದರೆ ಮೆಥನಾಲ್ ಐದು ಪಟ್ಟು ಬೇಕು. ಆಮೇಲೆ ಒಂದೆರಡು ದಿನ ಕಲಕುತ್ತಾ ಕೂರಬೇಕು. ಗಂಧಕಾಮ್ಲ ಉಕ್ಕಿನ ಪಾತ್ರೆಯನ್ನು ತಿನ್ನುತ್ತದೆ. ಎಸ್ಟರಿಫಿಕೇಶನ್‌ನಲ್ಲಿ ಹುಟ್ಟುವ ನೀರು ಆಮ್ಲದ ಪ್ರೋಟಾನನ್ನು ತಾನೇ ಹಿಡಿದುಕೊಂಡು ಕ್ರಿಯೆಯನ್ನು ಅರ್ಧದಲ್ಲೇ ನಿಲ್ಲಿಸಿಬಿಡುತ್ತದೆ.

ಒಂದು ತಮಾಷೆ ಏನು ಗೊತ್ತಾ? ಬಯೋಡೀಸೆಲ್ ಚರಿತ್ರೆ ಶುರುವಾದದ್ದು ಈ ನಿಧಾನ ದಾರಿಯಲ್ಲೇ. ಬ್ರಸೆಲ್ಸ್ ವಿಶ್ವವಿದ್ಯಾಲಯದ ಶವಾನ್ 1937ರಲ್ಲಿ ಬೆಲ್ಜಿಯಂ ಪೇಟೆಂಟ್ ಪಡೆದದ್ದು ತಾಳೆ ಎಣ್ಣೆಯ ಈಥೈಲ್ ಎಸ್ಟರಿಗೆ, ಅದೂ ಆಮ್ಲದ ಕ್ಯಾಟಲಿಸ್ಟಿನಿಂದ. ಮರುವರ್ಷ ಬ್ರಸೆಲ್ಸ್‌ನಿಂದ ಲೂವೆನ್‌ಗೆ ಓಡುವ ಬಸ್ಸೊಂದು ಆ ಇಂಧನದಲ್ಲಿ ಓಡಿತು. ಕಾಂಗೋ ಆಗ ಬೆಲ್ಜಿಯಂನ ವಸಾಹತು, ತಾಳೆ ಎಣ್ಣೆಗೆ ಬರವಿರಲಿಲ್ಲ.

ನಮ್ಮ ಹೊಂಗೆಗೆ ಬರೋಣ. ಹೊಂಗೆ ಎಣ್ಣೆಯಲ್ಲಿ ಅರ್ಧದಷ್ಟು ಓಲಿಕ್ ಆಮ್ಲದ ಬಾಲಗಳೇ ಇರುವುದರಿಂದ ಒಳ್ಳೆಯ ಎಸ್ಟರ್ ಕೊಡುತ್ತದೆ. ಕಹಿ ಇರುವುದರಿಂದ ತಿನ್ನುವವರಿಲ್ಲ, ಹಾಗಾಗಿ ಅಡುಗೆ ಎಣ್ಣೆಯ ಜೊತೆ ಜಗಳವೂ ಇಲ್ಲ. ಹಾಸನ ಹತ್ತಿರದ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಪಾರ್ಕ್ ಇದೆ. ಬದುವಿನ ಮೇಲೆ ಹೊಂಗೆ, ಬೇವು, ಹಿಪ್ಪೆಯಂಥ ಮರ ಬೆಳೆಸುವ ಮಾತು ಹಳ್ಳಿಗಳಿಗೆ ಹೋದದ್ದು ಇಂಥ ಕಡೆಗಳಿಂದ. ಆದರೆ ಬೀಜ ಆರಿಸುವುದು, ಒಣಗಿಸುವುದು, ಕೂಡಿಡುವುದು ಒಬ್ಬೊಬ್ಬರದು ಒಂದೊಂದು ರೀತಿ. ಹಾಗಾಗಿ ಎಫ್‌ಎಫ್‌ಎ ಒಂದು ಡಬ್ಬದಲ್ಲಿ ಶೇ. 2 ಇದ್ದರೆ ಇನ್ನೊಂದರಲ್ಲಿ ಶೇ. 15 ಇರಬಹುದು. "ಹೊಂಗೆ ಎಣ್ಣೆಗೆ ಇಷ್ಟು ಹಾಕಿ" ಎಂದು ಒಂದೇ ಅಳತೆ ಕೊಡುವವರನ್ನು ನಂಬಬೇಡಿ. ಡಬ್ಬ ಬದಲಾದರೆ ಟೈಟ್ರೇಶನ್ ಮತ್ತೆ ಮಾಡಬೇಕು.

ನಾಲ್ಕು ಮಿಲಿ ದಾಟಿದರೆ ಎರಡು ಹಂತದ ದಾರಿ ಹಿಡಿಯಿರಿ. ಮೊದಲು ಆಮ್ಲ, ಆಮೇಲೆ ಪ್ರತ್ಯಾಮ್ಲ. ಮೊದಲ ಹಂತಕ್ಕೆ ನಂಬಬಹುದಾದ ಅಳತೆ ಹೀಗಿದೆ. ಒಂದು ಗ್ರಾಂ ಎಫ್‌ಎಫ್‌ಎಗೆ 2.25 ಗ್ರಾಂ ಮೆಥನಾಲ್, 0.05 ಗ್ರಾಂ ಗಂಧಕಾಮ್ಲ. ಒಂದು ಕಿಲೋ ಎಣ್ಣೆಯಲ್ಲಿ ಶೇ. 8 ಇದ್ದರೆ 80 ಗ್ರಾಂ ಎಫ್‌ಎಫ್‌ಎ. ಅದಕ್ಕೆ 180 ಗ್ರಾಂ ಮೆಥನಾಲ್, 4 ಗ್ರಾಂ ಆಮ್ಲ. ಆಮ್ಲವನ್ನು ಮೆಥನಾಲ್‌ಗೆ ನಿಧಾನವಾಗಿ ಸೇರಿಸಿ, ಮೆಥನಾಲನ್ನು ಆಮ್ಲಕ್ಕೆ ಸುರಿಯಬೇಡಿ. 60 ಡಿಗ್ರಿಯಲ್ಲಿ ಒಂದು ಗಂಟೆ ಚೆನ್ನಾಗಿ ಕಲಕಿ ಬಿಟ್ಟರೆ ಮೆಥನಾಲ್, ನೀರು, ಆಮ್ಲ ಸೇರಿದ ಪದರ ಮೇಲೆ ಬರುತ್ತದೆ. ಅದನ್ನು ತೆಗೆಯಿರಿ. ಕೆಳಗಿನ ಎಣ್ಣೆಯನ್ನು ಮತ್ತೆ ಟೈಟ್ರೇಶನ್ ಮಾಡಿ. ಎಫ್‌ಎಫ್‌ಎ ಶೇ. 1ರ ಕೆಳಗೆ ಬಂದಿದ್ದರೆ ಎರಡನೇ ಹಂತ ಪೊಟ್ಯಾಶ್ ಜೊತೆ ಮಾಮೂಲಿನಂತೆ. ಬಂದಿಲ್ಲವಾದರೆ ಮೊದಲ ಹಂತವನ್ನೇ ತಾಜಾ ಮೆಥನಾಲ್ ಹಾಕಿ ಇನ್ನೊಮ್ಮೆ ಮಾಡಿ. ಬಹಳ ಜನ ಸೋಲುವುದು ಇಲ್ಲೇ. ಮೇಲಿನ ಪದರದಲ್ಲಿ ನೀರು ಕೂತಿದೆ ಎಂಬುದನ್ನು ಮರೆತು, ಅದನ್ನು ತೆಗೆಯದೆ ನೇರವಾಗಿ ಪೊಟ್ಯಾಶ್ ಸುರಿಯುತ್ತಾರೆ. ಉಳಿದ ಆಮ್ಲವೂ ಪೊಟ್ಯಾಶ್ ತಿನ್ನುತ್ತದೆ, ನೀರೂ ತನ್ನ ಕೆಲಸ ಮಾಡುತ್ತದೆ. ಮತ್ತೆ ಗಂಜಿ.

ಕ್ಯಾಟಲಿಸ್ಟೇ ಬೇಡ ಎನ್ನುವ ದಾರಿಯೂ ಒಂದಿದೆ, ಅದನ್ನು ಹೇಳದಿದ್ದರೆ ಮೋಸ ಮಾಡಿದ ಹಾಗೆ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯನ್ನು ಯಾವ ಕ್ರಿಯೆಯನ್ನೂ ಮಾಡದೆ ಡೀಸೆಲ್ ಜನರೇಟರಿಗೆ ಹಾಕಿ ಓಡಿಸಿ ತೋರಿಸಿದ್ದರು. ಒಂದೇ ವೇಗದಲ್ಲಿ ಓಡುವ ಪಂಪ್‌ಸೆಟ್, ಜನರೇಟರ್‌ಗೆ ಇದು ಯೋಚಿಸಬಹುದಾದ ಮಾತು. ಕಾರು ಬಸ್ಸಿನ ಈಗಿನ ಎಂಜಿನ್‌ಗೆ ಆಗದು. ಹಸಿ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ, ನಾಜಲ್‌ನಲ್ಲಿ ಮಸಿ ಕಟ್ಟುತ್ತದೆ. ಇಷ್ಟೆಲ್ಲ ರಸಾಯನಶಾಸ್ತ್ರ ಮಾಡುವುದು ಮುಖ್ಯವಾಗಿ ಆ ಮಂದವನ್ನು ಇಳಿಸಲಿಕ್ಕೆ.

ಮೊಟ್ಟೆ ಚಿಪ್ಪಿನ ಮೋಹ

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಗಟ್ಟಿ ಕ್ಯಾಟಲಿಸ್ಟಿಗೆ, ಅಂದರೆ ದ್ರವದಲ್ಲಿ ಕರಗದೆ ಪುಡಿಯಾಗಿಯೇ ಉಳಿಯಬೇಕಾದ ಕ್ಯಾಟಲಿಸ್ಟಿಗೆ, ಬಹಳ ಬೇಡಿಕೆ. ಮೊಟ್ಟೆ ಚಿಪ್ಪನ್ನು 900 ಡಿಗ್ರಿಯ ಕುಲುಮೆಯಲ್ಲಿ ಸುಟ್ಟರೆ ಕ್ಯಾಲ್ಸಿಯಂ ಆಕ್ಸೈಡ್, ಅಂದರೆ ಸುಟ್ಟ ಸುಣ್ಣ. ಕಸದಿಂದ ಕ್ಯಾಟಲಿಸ್ಟ್, ಕ್ಯಾಟಲಿಸ್ಟಿನಿಂದ ಇಂಧನ. ಸ್ಲೈಡ್ ಚೆನ್ನಾಗಿ ಬರುತ್ತದೆ, ಅದರಲ್ಲಿ ಎರಡು ಮಾತಿಲ್ಲ.

ಗಟ್ಟಿ ಕ್ಯಾಟಲಿಸ್ಟಿನ ಆಸೆಗೆ ಕಾರಣವೂ ಇದೆ. ಕರಗಿದ ಸೋಡಾವನ್ನು ಆಮೇಲೆ ನೀರಲ್ಲಿ ತೊಳೆದು ತೊಳೆದು ತೆಗೆಯಬೇಕು. ಮೂರು ನಾಲ್ಕು ಸಲ ತೊಳೆದ ಸೋಪಿನ ನೀರನ್ನು ಎಲ್ಲಿಗೆ ಬಿಡುತ್ತೀರಿ? ಗಟ್ಟಿ ಕ್ಯಾಟಲಿಸ್ಟಾದರೆ ಸೋಸಿ ತೆಗೆದು ಮತ್ತೆ ಬಳಸಬಹುದು, ಗ್ಲಿಸರಾಲ್ ಕೂಡ ಉಪ್ಪಿಲ್ಲದೆ ಶುದ್ಧವಾಗಿ ಸಿಗುತ್ತದೆ.

ಇದು ಕಾಗದದ ಮೇಲಿನ ಮಾತು. ಸುಟ್ಟ ಸುಣ್ಣವನ್ನು ತೆರೆದಿಟ್ಟರೆ ಗಾಳಿಯ ತೇವ, ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಮೊದಲಿನ ಚಿಪ್ಪೇ ಆಗುತ್ತದೆ. ಸುಣ್ಣದ ಗೂಡಿನವರಿಗೆ ಇದು ಹಳೇ ವಿಷಯ. ಅದಕ್ಕಿಂತ ದೊಡ್ಡ ತೊಡಕು, ಸುಣ್ಣ ಪೂರ್ತಿ ಗಟ್ಟಿಯಾಗಿ ಉಳಿಯುವುದಿಲ್ಲ. ಸ್ವಲ್ಪ ಕ್ಯಾಲ್ಸಿಯಂ ಮೆಥನಾಲ್, ಗ್ಲಿಸರಾಲ್‌ಗೆ ಕರಗಿ ಹೋಗುತ್ತದೆ. ಎಫ್‌ಎಫ್‌ಎ ಇದ್ದರೆ ಕ್ಯಾಲ್ಸಿಯಂ ಸೋಪಾಗುತ್ತದೆ. ಗಡಸು ನೀರಿನಲ್ಲಿ ಸೋಪು ಹಾಕಿದರೆ ತೇಲುವ ಬಿಳಿ ಕೆನೆ ನೋಡಿದ್ದೀರಲ್ಲ, ಅದು. ಹಾಗಾಗಿ ಹೊಂಗೆ ಎಣ್ಣೆಗೆ ನೇರವಾಗಿ ಸುಣ್ಣ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಅದಕ್ಕೂ ಆಮ್ಲದ ಮೊದಲ ಹಂತ ಬೇಕೇ ಬೇಕು.

ನಿಮ್ಮ ಪ್ರಾಜೆಕ್ಟ್ ಇದರ ಮೇಲೇ ಇದ್ದರೆ ಒಂದು ಪರೀಕ್ಷೆ ಬಿಡಬೇಡಿ. ಕ್ರಿಯೆ ಅರ್ಧ ಆದಾಗ ಬಿಸಿಯಿರುವಾಗಲೇ ಕ್ಯಾಟಲಿಸ್ಟನ್ನು ಸೋಸಿ ತೆಗೆಯಿರಿ. ಉಳಿದ ದ್ರವವನ್ನು ಹಾಗೇ ಕಲಕುತ್ತಾ ಇರಿ. ಎಸ್ಟರ್ ಇನ್ನೂ ಹೆಚ್ಚುತ್ತಲೇ ಹೋದರೆ ಕೆಲಸ ಮಾಡುತ್ತಿರುವುದು ಕರಗಿದ ಕ್ಯಾಲ್ಸಿಯಂ, ನಿಮ್ಮ ಪುಡಿ ಅಲ್ಲ. ಈ ಪರೀಕ್ಷೆ ಇಲ್ಲದೆ "ಐದು ಸಲ ಮರುಬಳಸಿದೆವು" ಅಂದರೆ ನಾನು ಒಪ್ಪುವುದಿಲ್ಲ.

ಕಾರ್ಖಾನೆ ಮಟ್ಟದಲ್ಲಿ ಗಟ್ಟಿ ಕ್ಯಾಟಲಿಸ್ಟ್ ಗೆದ್ದ ಉದಾಹರಣೆ ಫ್ರಾನ್ಸಿನಲ್ಲಿದೆ. ಸೆಟ್ ಎಂಬ ಬಂದರು ಊರಿನಲ್ಲಿ 2006ರಲ್ಲಿ ಎಸ್ಟರ್‌ಫಿಪ್-ಎಚ್ ವಿಧಾನದ ಘಟಕ ಶುರುವಾಯಿತು. ಅದರಲ್ಲಿ ಸತು ಮತ್ತು ಅಲ್ಯೂಮಿನಿಯಂ ಸೇರಿದ ಆಕ್ಸೈಡ್ ಕ್ಯಾಟಲಿಸ್ಟ್. ಗ್ಲಿಸರಾಲ್ ಶೇ. 98ಕ್ಕಿಂತ ಶುದ್ಧವಾಗಿ ಬರುತ್ತದೆ. ಆದರೆ 60 ಡಿಗ್ರಿಯ ಸುಖ ಅಲ್ಲಿಲ್ಲ. ತಾಪ, ಒತ್ತಡ ಎರಡೂ ಬಹಳ ಮೇಲೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರು ಕಬ್ಬಿಣ ಮತ್ತು ಸತುವಿನ ಜೋಡಿ ಸಯನೈಡ್ ಎಂಬ ಇನ್ನೊಂದು ಗಟ್ಟಿ ಕ್ಯಾಟಲಿಸ್ಟ್ ಮಾಡಿದ್ದಾರೆ. ಅದರ ಗುಣ ಆಮ್ಲದ್ದು. ಎಫ್‌ಎಫ್‌ಎ ಹೆಚ್ಚಿದ್ದರೂ ಸೋಪಾಗುವುದಿಲ್ಲ. ನಮ್ಮ ದೇಶದ ಎಣ್ಣೆಗಳನ್ನು ನೋಡಿ ಯೋಚಿಸಿದ ಹಾಗಿದೆ. ಅದಕ್ಕೂ 100 ಡಿಗ್ರಿ ದಾಟಿದ ಬಿಸಿ, ಮುಚ್ಚಿದ ಒತ್ತಡದ ಪಾತ್ರೆ ಬೇಕು.

ಕಿಣ್ವ

ಕಿಣ್ವ ಅಂದರೆ ಜೀವಿಗಳು ತಾವೇ ಮಾಡಿಕೊಳ್ಳುವ ಕ್ಯಾಟಲಿಸ್ಟ್. ಲೈಪೇಸ್ ಎಂಬ ಕಿಣ್ವ ನಮ್ಮ ಹೊಟ್ಟೆಯಲ್ಲೂ ಕೊಬ್ಬನ್ನು ಒಡೆಯುತ್ತದೆ. ಅದು ಬಾಲವನ್ನು ಮೊದಲು ತನ್ನದೇ ಸೆರೀನ್ ಎಂಬ ತುದಿಗೆ ಕಟ್ಟಿಕೊಂಡು ಆಮೇಲೆ ಮೆಥನಾಲ್‌ಗೆ ದಾಟಿಸುತ್ತದೆ. 35–45 ಡಿಗ್ರಿ ಸಾಕು. ಎಫ್‌ಎಫ್‌ಎ ಎಷ್ಟಿದ್ದರೂ ತೊಂದರೆಯಿಲ್ಲ, ಸ್ವಲ್ಪ ನೀರಿದ್ದರೆ ಇನ್ನೂ ಒಳ್ಳೆಯದು. ಬೇರೆಲ್ಲ ದಾರಿಗಳು ಹೆದರುವುದನ್ನೇ ಇದು ಇಷ್ಟಪಡುತ್ತದೆ.

ಇದರ ಶತ್ರು ಮೆಥನಾಲ್. ಒಂದೇ ಸಲ ಸುರಿದರೆ ಕಿಣ್ವ ಸಾಯುತ್ತದೆ. ಮೂರು ಕಂತಿನಲ್ಲಿ ಹಾಕುವ ಉಪಾಯವನ್ನು ಜಪಾನಿನ ಶಿಮಾಡಾ ಮತ್ತು ಜೊತೆಗಾರರು 1999ರಲ್ಲಿ ತೋರಿಸಿದ ಮೇಲೆ ದಾರಿ ತೆರೆಯಿತು. ಆದರೂ ಒಂದು ಇಡೀ ದಿನ ಹಿಡಿಯುತ್ತದೆ. ಕೊನೆಯಲ್ಲಿ ಉಳಿದ ಎಫ್‌ಎಫ್‌ಎಯನ್ನು ತೆಗೆಯಲು ಇನ್ನೊಂದು ಹಂತ ಬೇಕಾಗುತ್ತದೆ. ಬೆಲೆಯಂತೂ ಕೇಳಬೇಡಿ. ಎಫ್‌ಎಫ್‌ಎ ಶೇ. 20, 30 ದಾಟಿದ, ಬೇರೆ ಯಾರೂ ಮುಟ್ಟದ ಅಗ್ಗದ ಎಣ್ಣೆ ನಿಮಗೆ ಪ್ರತಿದಿನ ಸಿಗುತ್ತದೆ ಎಂದಾದರೆ ಮಾತ್ರ ಲೆಕ್ಕ ಹಾಕಿ ನೋಡಿ.

ಮೆಥನಾಲ್ ಬದಲು ಎಥನಾಲ್?

ಮಂಡ್ಯ, ಬೆಳಗಾವಿ ಕಡೆಯವರು ಇದನ್ನು ಕೇಳಿಯೇ ಕೇಳುತ್ತಾರೆ. ಕಬ್ಬಿನ ಎಥನಾಲ್ ಇಲ್ಲೇ ಸಿಗುವಾಗ ವಿಷದ ಮೆಥನಾಲ್ ಯಾಕೆ? ನ್ಯಾಯವಾದ ಪ್ರಶ್ನೆ. ತೊಡಕು ಏನೆಂದರೆ ಎಥನಾಲ್ ಬಟ್ಟಿ ಇಳಿಸಿದಾಗ ಶೇ. 4ಕ್ಕಿಂತ ಹೆಚ್ಚು ನೀರನ್ನು ಬಿಡದೆ ಜೊತೆಗೇ ಇಟ್ಟುಕೊಳ್ಳುತ್ತದೆ. ಪ್ರತ್ಯಾಮ್ಲದ ಕ್ರಿಯೆಗೆ ಅಷ್ಟು ನೀರು ಸಾಕು ಕೆಡಲು. ನೀರು ಪೂರ್ತಿ ತೆಗೆದ ಎಥನಾಲ್ ತಂದರೂ ಗ್ಲಿಸರಾಲ್ ಸುಲಭವಾಗಿ ಬೇರೆಯಾಗುವುದಿಲ್ಲ, ಎಥನಾಲ್ ಎರಡೂ ಪದರವನ್ನು ಬೆಸೆದುಕೊಂಡು ಕೂರುತ್ತದೆ. ಕಿಣ್ವದ ದಾರಿ ಹಿಡಿದವರಿಗೆ ಎಥನಾಲ್ ಹೊಂದಿಕೊಳ್ಳುತ್ತದೆ, ಅದು ಕಿಣ್ವವನ್ನು ಅಷ್ಟು ಕಾಡುವುದಿಲ್ಲ. ಉಳಿದವರು ಸದ್ಯಕ್ಕೆ ಮೆಥನಾಲ್ ಜೊತೆಗೇ ಇರಿ.

ಪೂರ್ತಿ ಬೇರೆ ದಾರಿ: ಹೈಡ್ರೋಜನ್

ಇಲ್ಲಿಯವರೆಗಿನದೆಲ್ಲ ಎಸ್ಟರ್ ಮಾಡುವ ಮಾತು. ಆಕ್ಸಿಜನ್ನನ್ನೇ ಕಿತ್ತು ಹಾಕಿ ನಿಜವಾದ ಹೈಡ್ರೋಕಾರ್ಬನ್ ಡೀಸೆಲ್ ಮಾಡುವವರೂ ಇದ್ದಾರೆ. ಫಿನ್ಲೆಂಡಿನ ನೆಸ್ಟೆ ಕಂಪನಿ ಪೊರ್ವೂ ಎಂಬಲ್ಲಿ 2007ರಲ್ಲಿ ಇಂಥ ಘಟಕ ಶುರು ಮಾಡಿತು. 300 ಡಿಗ್ರಿ ಮೇಲೆ, ಹೆಚ್ಚು ಒತ್ತಡದ ಹೈಡ್ರೋಜನ್.

ಇಲ್ಲಿ ಕ್ಯಾಟಲಿಸ್ಟ್ ಬದಲಾದರೆ ದಾರಿಯೇ ಬದಲಾಗುತ್ತದೆ, ಅದು ನನಗೆ ಬಹಳ ಇಷ್ಟದ ಭಾಗ. ಓಲಿಕ್ ಆಮ್ಲದ ಬಾಲದಲ್ಲಿ 18 ಇಂಗಾಲಗಳಿವೆ. ಗಂಧಕ ಸೇರಿಸಿದ ನಿಕ್ಕಲ್-ಮಾಲಿಬ್ಡಿನಮ್ ಇಟ್ಟರೆ ಆಕ್ಸಿಜನ್ ಹೆಚ್ಚಾಗಿ ನೀರಾಗಿ ಹೋಗುತ್ತದೆ, 18 ಇಂಗಾಲವೂ ಉಳಿಯುತ್ತವೆ. ಹೈಡ್ರೋಜನ್ ಖರ್ಚು ಜಾಸ್ತಿ. ಪಲ್ಲಾಡಿಯಂ ಇಟ್ಟರೆ ಆಕ್ಸಿಜನ್ ಇಂಗಾಲದ ಡೈಆಕ್ಸೈಡಾಗಿ ಹೋಗುವುದೇ ಹೆಚ್ಚು. ಹೈಡ್ರೋಜನ್ ಉಳಿಯುತ್ತದೆ, ಆದರೆ ಒಂದು ಇಂಗಾಲ ಕಳೆದು 17 ಆಗುತ್ತದೆ. ಸಿಗುವ ಪದಾರ್ಥದಲ್ಲಿ 17 ಎಷ್ಟು, 18 ಎಷ್ಟು ಎಂದು ಅಳೆದರೆ ಒಳಗೆ ಯಾವ ದಾರಿ ನಡೆಯಿತು ಎಂದು ಹೇಳಬಹುದು. ಕಾಲೇಜಿಗಾಗಲಿ ಹಳ್ಳಿಗಾಗಲಿ ಇದು ಎಟುಕುವುದಲ್ಲ, ರಿಫೈನರಿಯವರ ಕೆಲಸ.

ಆದದ್ದು ಬಯೋಡೀಸೆಲ್ಲೇ ಎಂದು ತಿಳಿಯುವುದು ಹೇಗೆ

ಯಾವ ಕ್ಯಾಟಲಿಸ್ಟ್ ಆರಿಸಿದರೂ ಕೊನೆಗೆ ಒಂದೇ ಅಳತೆಗೋಲು. ಭಾರತದಲ್ಲಿ ಅದು ಐಎಸ್ 15607 ಎಂಬ ಮಾನಕ. ಎಸ್ಟರ್ ಕನಿಷ್ಠ ಶೇ. 96.5 ಇರಬೇಕು. ಆಮ್ಲ ಸಂಖ್ಯೆ, ಅಂದರೆ ಉಳಿದ ಆಮ್ಲವನ್ನು ತಣಿಸಲು ಬೇಕಾಗುವ ಪೊಟ್ಯಾಶ್, ಒಂದು ಗ್ರಾಂಗೆ 0.5 ಮಿಲಿಗ್ರಾಂ ದಾಟಬಾರದು. ಬಿಡಿಯಾಗಿರುವುದು, ಬಾಲ ಪೂರ್ತಿ ಕಳಚದೆ ಉಳಿದದ್ದು ಎಲ್ಲ ಸೇರಿ ಒಟ್ಟು ಗ್ಲಿಸರಾಲ್ ಶೇ. 0.25ರ ಒಳಗೆ. ಎರಡು ಪದರ ಬಂತು ಎಂದ ಕೂಡಲೇ ಇಷ್ಟೆಲ್ಲ ಆಗಿದೆ ಅಂತಲ್ಲ. ಅರ್ಧಂಬರ್ಧ ಆದ ಕ್ರಿಯೆಯಲ್ಲೂ ಪದರ ಚಂದವಾಗಿಯೇ ಬರುತ್ತದೆ.

ಇವನ್ನು ಅಳೆಯುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಯಂತ್ರ ಇಲ್ಲದವರಿಗೆ ಒಂದು ಸಣ್ಣ ಪರೀಕ್ಷೆ ಇದೆ. 27 ಮಿಲಿ ಮೆಥನಾಲ್‌ಗೆ 3 ಮಿಲಿ ನಿಮ್ಮ ಬಯೋಡೀಸೆಲ್ ಹಾಕಿ, ಕೋಣೆಯ ಬಿಸಿಯಲ್ಲಿ ಅಲುಗಾಡಿಸಿ ಇಡಿ. ಎಸ್ಟರ್ ಮೆಥನಾಲ್‌ನಲ್ಲಿ ಕರಗುತ್ತದೆ, ಎಣ್ಣೆ ಕರಗುವುದಿಲ್ಲ. ತಳದಲ್ಲಿ ಹನಿ ನಿಂತರೆ ಕ್ರಿಯೆ ಮುಗಿದಿಲ್ಲ. ಆಗ ಮೇಲಿನ ಪದರಕ್ಕೆ ಇನ್ನು ಸ್ವಲ್ಪ ಮೆಥನಾಲ್, ಪೊಟ್ಯಾಶ್ ಹಾಕಿ ಮತ್ತೊಂದು ಅರ್ಧ ಗಂಟೆ ಕಲಕಿ. ಗ್ಲಿಸರಾಲನ್ನು ಮೊದಲೇ ಇಳಿಸಿರುವುದರಿಂದ ಈ ಸಲ ಕ್ರಿಯೆಗೆ ಹಿಂದಕ್ಕೆ ತಿರುಗಲು ಹೆಚ್ಚು ದಾರಿ ಇರುವುದಿಲ್ಲ.